ಹೆಪ್ಪು

ಮೂವತ್ತೊಂದು ವರುಷ ಸೆಗೆಡ್ ಊರಿನ ನೀರಿಗೆ
ಕ್ಲೋರಿನ್ ಅಳೆದು ಹಾಕಿದ ಕೈ ಇದು.
ಕಣ್ಣಿಗೆ ಕಾಣದ್ದನ್ನು ಕೊಂದು ಸಂಬಳ ತಂದವಳು,
ಎಟೆಲ್ಕಾ, ಪಂಪುಮನೆ, ರಾತ್ರಿ ಪಾಳಿ.

ನಿವೃತ್ತಿಯ ದಿನ ಹುಡುಗರು ನಗುತ್ತ ಕೊಟ್ಟರು
ಒಂದು ಗಾಜಿನ ತೊಟ್ಟಿ, ಒಂದು ದೀಪ, ಒಂದು ಆಮೆ.
"ಇನ್ನು ನಿಮಗೆ ಅವಸರವಿಲ್ಲವಲ್ಲ!"
ಹೆಬ್ಬೆರಳುದ್ದದ ಕಸ್ತೂರಿ ಆಮೆ. ಹೆದರಿದರೆ ನಾರುತ್ತದೆ,
ಹೆಸರಿಗಷ್ಟೇ ಕಸ್ತೂರಿ.
ಬೊರ್ಷೋ ಎಂದು ಕರೆದೆ. ನಮ್ಮಲ್ಲಿ ಹಾಗೆಂದರೆ ಬಟಾಣಿ.

ನಲ್ಲಿ ನೀರನ್ನು ಎರಡು ದಿನ ಬಕೆಟ್ಟಿನಲ್ಲಿ
ಮುಚ್ಚದೆ ಇಟ್ಟೆ,
ಊರಿಗೆಲ್ಲ ನಾನೇ ಹಾಕಿದ್ದು ನನ್ನ ಅಡುಗೆಮನೆಯಿಂದ
ಹೇಳದೆ ಕೇಳದೆ ಎದ್ದು ಹೋಗಲಿ ಎಂದು.
ಆಮೇಲೆ ತೊಟ್ಟಿ ತುಂಬಿದೆ. ಎಂಥ ನೀರು!
ಗಾಜಿನ ಆಚೆ ಪತ್ರಿಕೆ ಹಿಡಿದರೆ ಈಚೆಯಿಂದ ಓದಬಹುದು.
ಓದಿದೆ ಕೂಡ: ಹವಾಮಾನ, ಮರಣವಾರ್ತೆ,
ಟಿಸಾ ನದಿಯ ಮಟ್ಟ ಇಂದು ಎಷ್ಟು.

ಒಂಬತ್ತನೆಯ ದಿನ ಬೊರ್ಷೋ ಕಣ್ಣು ತೆರೆಯಲಿಲ್ಲ.
ರೆಪ್ಪೆ ಊದಿ ಎರಡು ಸಾಸಿವೆ ಕಾಳು.
ನೀರು ಮಾತ್ರ ಅಷ್ಟೇ ತಿಳಿ,
ಏನೂ ಗೊತ್ತಿಲ್ಲದವರ ಮುಖದ ಹಾಗೆ.
ನಳಿಕೆಗೆ ಐದು ಮಿಲಿ, ಎಣಿಸಿ ಎಣಿಸಿ ಹನಿ,
ಅಲುಗಿಸಿ ಐದು ನಿಮಿಷ ಕಾದೆ.
ಹಳದಿ ಉಳಿಯಬೇಕಿತ್ತು. ಹಸಿರಾಯಿತು.
ಎಲೆಯ ಹಸಿರಲ್ಲ, ಬೈಗುಳದ ಹಸಿರು.
ಅಮೋನಿಯ. ತನ್ನ ಉಚ್ಚೆಯಲ್ಲೇ ಬೇಯುತ್ತಿತ್ತು ಪಾಪದ್ದು,
ನಾನು ಹೊರಗೆ ನಿಂತು ಹವಾಮಾನ ಓದುತ್ತಿದ್ದೆ.

ಔಷಧಿಯ ವೈದ್ಯೆ ಕಣ್ಣಿಗೆ ಹನಿ ಕೊಟ್ಟಳು.
ನೀರಿಗೆ ಮದ್ದು ಕೊಟ್ಟವನು ಮೂರನೆಯ ಮಹಡಿಯ ಕಾಲ್ಮಾನ್,
ಒಂದು ಕಾಲಕ್ಕೆ ಟ್ರಾಮ್ ಓಡಿಸಿದವನು, ಇಪ್ಪತ್ತು ವರುಷ ಮೀನು ಸಾಕಿದವನು.
"ಸೋಸುವ ಸ್ಪಂಜು ಎಲ್ಲಿ ತೊಳೆಯುತ್ತೀರಿ?"
"ನಲ್ಲಿಯಡಿ. ದಿನವೂ. ಬೆಳ್ಳಗಾಗುವ ತನಕ."
"ಹಾಗಾದರೆ ದಿನವೂ ಕೊಲ್ಲುತ್ತಿದ್ದೀರಿ."
"ಯಾರನ್ನು?"
"ಉಣ್ಣುವವರನ್ನು."

ಅವನು ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯಲ್ಲಿ
ತನ್ನ ಹಳೆಯ ಸ್ಪಂಜು ಹಿಂಡಿದ ನೀರು ತಂದ:
ಕಂದು, ಗಸಿ, ನದಿದಂಡೆಯ ವಾಸನೆ.
ಅಮ್ಮ ಹುಳಿಹಿಟ್ಟಿನ ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ
ಪಕ್ಕದ ಮನೆಗೆ ಕೊಟ್ಟು ಕಳಿಸುತ್ತಿದ್ದಳು.
ಹೆಪ್ಪು. ಇಷ್ಟೇ ಸಾಕು, ಉಳಿದದ್ದು ತಾನೇ ಆಗುತ್ತದೆ.
ಆದರೂ ಆ ಜಾಡಿಯನ್ನು ತಿಳಿನೀರಿಗೆ ಬಗ್ಗಿಸುವಾಗ
ಕೈ ನಡುಗಿತು. ಕಸುಬೇ ತಡೆಯಿತು ಮಣಿಕಟ್ಟಿನಲ್ಲಿ.
ಬಗ್ಗಿಸಿದೆ.

ಮತ್ತೆ ಕಾಯುವುದು. ದಿನಕ್ಕೆ ಕಾಲುಭಾಗ ನೀರು ಹೊರಗೆ,
ಕಾಲುಭಾಗ ಒಳಗೆ, ಬೆಚ್ಚಗೆ, ಕ್ಲೋರಿನ್ ಬಿಟ್ಟದ್ದು.
ಊಟ ಅದರ ತಲೆಯ ಗಾತ್ರದಷ್ಟೇ,
ಉಳಿದ ಚೂರನ್ನು ಚಮಚದಲ್ಲಿ ಹೊರಗೆ.
ಸ್ಪಂಜು ಮುಟ್ಟಲಿಲ್ಲ. ಬೆರಳು ತುರಿಸಿದವು, ಮುಟ್ಟಲಿಲ್ಲ.
ಹಸಿರು ಮಾಸಿತು. ಇನ್ನೊಂದು ನಳಿಕೆ ನೇರಳೆಗೇರಿತು,
ಅದು ನೈಟ್ರೈಟ್, ಅದೂ ವಿಷವೇ,
ಹನ್ನೊಂದು ದಿನ ನೇರಳೆಯಲ್ಲೇ ನಿಂತಿತು ಹಟಮಾರಿ.
ಹನ್ನೆರಡಕ್ಕೆ ಬೆಳಿಗ್ಗೆ ಆಕಾಶದ ನೀಲಿ.
ದೀಪ ಹಾಕುವ ಮೊದಲೇ ಮೂಗು ಮೇಲಕ್ಕೆತ್ತಿ
ಒಂದು ಉಸಿರು ಎಳೆದುಕೊಂಡಿತು ಬೊರ್ಷೋ,
ಎರಡೂ ಕಣ್ಣು ಬಿಟ್ಟು. ನನ್ನನ್ನಲ್ಲ, ಸೀಗಡಿ ಡಬ್ಬಿಯನ್ನು ನೋಡಿತು.

ಈಗ ಶನಿವಾರ ತೆಗೆದ ನೀರು ಬಾಲ್ಕನಿಯ ಪಪ್ರಿಕಾ ಗಿಡಕ್ಕೆ.
ಸ್ಪಂಜನ್ನು ಆ ಬಕೆಟ್ಟಿನಲ್ಲೇ ಎರಡು ಸಲ ಅದ್ದಿ ಹಿಂಡಿ
ಕೊಳೆಯಾಗಿಯೇ ವಾಪಸು ಇಡುತ್ತೇನೆ.
ಕೈಗೆ ಮಾತ್ರ ಸೋಪು, ಮೊಣಕೈವರೆಗೆ. ಅಷ್ಟು ಹಳೇ ಬುದ್ಧಿ ಇರಲಿ.

ನಿನ್ನೆ ರಾತ್ರಿ ಬಾಯಾರಿ ನಲ್ಲಿಯಿಂದ ಒಂದು ಲೋಟ ಹಿಡಿದೆ.
ಮೂಗಿಗೆ ಹೊಡೆಯಿತು.
ಪಾಳಿಯಲ್ಲಿ ಯಾರೋ ಹೊಸಬರು,
ತುಸು ಧಾರಾಳದ ಕೈ.
ಬಕೆಟ್ಟನ್ನು ಈ ವಾರ ಮೂರು ದಿನ ಇಡಬೇಕು.